ಒಂದು ಚಿಟಿಕೆ ಸುಣ್ಣ

ಯುಗಾದಿಯ ಬೆಳಿಗ್ಗೆ ನಮ್ಮೂರಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬೇವು ಬೆಲ್ಲದ ಬಟ್ಟಲನ್ನು ಸುಮ್ಮನೆ ಕೈಗಿಡುತ್ತಾರೆ, ತಲೆಗೆ ಎಣ್ಣೆ ಒತ್ತುವವರು ಸುಮ್ಮನೆ ಒತ್ತುತ್ತಾರೆ. ಆ ದಿನ ಸೂರ್ಯ ಹುಟ್ಟುವಾಗ ಪ್ರತಿಯೊಬ್ಬರಿಗೂ ಉಳಿದ ಪ್ರತಿಯೊಬ್ಬರ ಹತ್ತಿರ ಒಂದೊಂದು ಬೇಡಿಕೆ ಮರಳಿ ಬಂದಿರುತ್ತದೆ. ನಿದ್ದೆಗಣ್ಣಿನಲ್ಲಿ ಗಂಡನಿಗೆ "ಆ ಟವೆಲ್ಲು ಇತ್ಲಾಗೆ ಕೊಡಿ" ಎಂದುಬಿಟ್ಟರೆ ಮುಗಿಯಿತು, ಮುಂದಿನ ಯುಗಾದಿಯವರೆಗೆ ಅವನ ಹತ್ತಿರ ಇನ್ನೇನನ್ನೂ ಬೇಡುವ ಹಾಗಿಲ್ಲ. ಬೇಡಲು ಹೋದರೆ ಬಾಯಿ ತೆರೆಯುತ್ತದೆ, ಮಾತು ಹೊರಡುವುದಿಲ್ಲ. ಕೈಯೊಡ್ಡೋಣವೆಂದರೆ ಕೈ ಮೇಲೇಳುವುದಿಲ್ಲ. ಬರೆದು ತಿಳಿಸೋಣವೆಂದು ಕೂತರೆ ಪೆನ್ನು ಕಾಗದದ ಮೇಲೆ ಊರಿದಲ್ಲೇ ನಿಂತುಬಿಡುತ್ತದೆ.

ಇದರಿಂದ ನಮಗೆ ತೊಂದರೆಯೇನೂ ಆಗಿಲ್ಲ. ಮನೆಗೆ ಬಂದವರ ಮುಂದೆ ಮೊದಲು ನೀರಿನ ಚೊಂಬು ಇಡುತ್ತೇವೆ, ಆಮೇಲೆ ಮಾತು. ಪಂಕ್ತಿಯಲ್ಲಿ ಬಡಿಸುವವರ ಕಣ್ಣು ಎಲೆಯ ಮೇಲೆಯೇ ಇರುತ್ತದೆ. ಕೊಳ್ಳುವುದು, ಮಾರುವುದು, ಕೆಲಸ ಹೇಳುವುದು, ಕ್ಷೇಮ ವಿಚಾರಿಸುವುದು ಇವಕ್ಕೆ ತಡೆಯಿಲ್ಲ. ಬಿಟ್ಟಿಯಾಗಿ ಬೇಡುವುದಕ್ಕೆ ಮಾತ್ರ ತಡೆ. ಮಾತನ್ನು ಸುತ್ತಿ ಬಳಸಿ ಬೇಡದೆಯೇ ಗಿಟ್ಟಿಸಿಕೊಳ್ಳುವವರೂ ಕೆಲವರಿದ್ದಾರೆ. ಅಂಥವರ ಮನೆಯಿಂದ ಯಾರೂ ಹೆಣ್ಣು ತರುವುದಿಲ್ಲ.

ಇಂಥ ಊರಿನಲ್ಲಿ ದಾಕ್ಷಾಯಣಮ್ಮನವರು ಇಪ್ಪತ್ತೆರಡು ವರ್ಷಗಳಿಂದ ಬರೀ ದಾನದ ಮೇಲೆ ಒಂದು ಮನೆಯನ್ನು ನಡೆಸುತ್ತಿದ್ದರು. ಹೆರಿಗೆಗೆ ಹೋಗಲು ತಾಯಿಯ ಮನೆ ಇಲ್ಲದ ಹೆಂಗಸರು ದಿನ ತುಂಬುವಾಗ ಅಲ್ಲಿಗೆ ಬಂದು ಸೇರುತ್ತಿದ್ದರು, ಹೆತ್ತ ಮೇಲೆ ನಲವತ್ತು ದಿನ ಬಾಣಂತನ ಮಾಡಿಸಿಕೊಂಡು ಹೋಗುತ್ತಿದ್ದರು. ಅದರ ಹೆಸರು ತವರುಮನೆ. ಹನ್ನೊಂದು ಮಂಚ, ಎರಡು ತಾಮ್ರದ ಹಂಡೆ, ಹಿತ್ತಲಲ್ಲಿ ಸಬ್ಬಸಿಗೆ ಸೊಪ್ಪಿನ ಪಾತಿ. ದಾಕ್ಷಾಯಣಮ್ಮ ವಯಸ್ಸಿನಲ್ಲಿ ಮರದ ಬಾಚಣಿಗೆಯ ಕಾರ್ಖಾನೆಯಲ್ಲಿ ಹಲ್ಲು ಕೊಯ್ಯುತ್ತಿದ್ದವರು. ತಮಗಾಗಿ ಅವರು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಮಳೆ ಬಂದರೆ ನೆನೆದುಕೊಂಡೇ ಬರುತ್ತಿದ್ದರು, ಸ್ವಂತ ತಂಗಿಯ ಹತ್ತಿರ ಒಂದು ಛತ್ರಿ ಕೇಳುತ್ತಿರಲಿಲ್ಲ. ಯಾಕೆಂದರೆ ತಂಗಿಯ ಮನೆಯಲ್ಲಿ ಎರಡು ಹಸುಗಳಿದ್ದವು, ಬಾಣಂತಿಯರಿಗೆ ತುಪ್ಪ ಬೇಕಾಗಿತ್ತು. ಹೀಗೆ ಊರಿನ ನೂರಾರು ಮನೆಗಳಲ್ಲಿ ಅವರ ಬೇಡಿಕೆ ಖರ್ಚಾಗದೆ ಉಳಿದಿರುತ್ತಿತ್ತು. ದೊಡ್ಡ ಸಾಹುಕಾರರನ್ನು ಯುಗಾದಿಯ ಮಾರನೆಯ ದಿನವೇ ಕೇಳಿ, ಉಳಿದ ಮನೆಗಳನ್ನು ಕಷ್ಟಕಾಲಕ್ಕೆಂದು ಇಟ್ಟುಕೊಳ್ಳುವುದು ಅವರ ಕ್ರಮ.

ನಾನು ಕಾಲೇಜು ಮುಗಿಸಿ ಅಲ್ಲಿ ಬರವಣಿಗೆಯ ಕೆಲಸಕ್ಕೆ ಸೇರಿದ ವರ್ಷವೇ ಹೊರಗಿನ ಊರುಗಳವರು ನಮ್ಮ ಬಾಚಣಿಗೆ ಕೊಳ್ಳುವುದನ್ನು ನಿಲ್ಲಿಸಿದರು. ಅವರಿಗೂ ಕೈಯಲ್ಲಿ ಕಾಸಿರಲಿಲ್ಲವಂತೆ. ಆರು ಕಾರ್ಖಾನೆಗಳಲ್ಲಿ ನಾಲ್ಕು ಮುಚ್ಚಿದವು, ಎರಡು ವಾರಕ್ಕೆ ಮೂರು ದಿನ ನಡೆದವು. ಆಷಾಢದ ಹೊತ್ತಿಗೆ, ಹಗಲಿಡೀ ಬಾಗಿಲು ತೆರೆದಿಡುತ್ತಿದ್ದ ನಮ್ಮ ಜನ ಅಗುಳಿ ಹಾಕಿಕೊಳ್ಳತೊಡಗಿದರು. ಯಾರಾದರೂ ಬಂದರೆ ಕಿಟಕಿಯಿಂದ ಇಣುಕುವುದು. ಬಂದವರು ಈಗಾಗಲೇ ಒಮ್ಮೆ ಬೇಡಿದವರಾದರೆ ಬಾಗಿಲು ತೆರೆಯುವುದು, ಇನ್ನೂ ಬೇಡದವರಾದರೆ ಉಸಿರು ಹಿಡಿದು ಒಳಗೇ ನಿಲ್ಲುವುದು. ಇಲ್ಲ ಎನ್ನುವುದು ನಮ್ಮವರಿಗೆ ಅಭ್ಯಾಸವಿಲ್ಲದ ಮಾತು.

ತವರುಮನೆಯ ಸಮಿತಿ ಸೇರಿತು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು ಶೇಷಗಿರಿ ಮೇಷ್ಟ್ರು. ಎಣ್ಣೆ ಐದು ವಾರಕ್ಕಾಗುವಷ್ಟಿದೆ, ಸೌದೆ ಅದಕ್ಕಿಂತ ಕಡಿಮೆ ಎಂದು ನಾನು ಓದಿ ಹೇಳಿದೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ನಲವತ್ತು ದಿನ ಅನ್ನೋದನ್ನ ಹನ್ನೆರಡು ಮಾಡೋಣ. ಇಲ್ಲದಿದ್ರೆ ದೀಪಾವಳಿಗೆ ಬೀಗ ಹಾಕಬೇಕಾಗುತ್ತೆ" ಎಂದರು.

ಬಾಣಂತಿಯರಿಗೆ ನೀರು ಹಾಕುವ ಬೋರಕ್ಕ ಬಾಗಿಲಲ್ಲಿ ನಿಂತಿದ್ದಳು. ಸಮಿತಿಯಲ್ಲಿ ಅವಳಿಗೆ ಮಾತಿನ ಹಕ್ಕಿಲ್ಲ. ಹಕ್ಕಿಗಾಗಿ ಅವಳು ಯಾವತ್ತೂ ಕಾದವಳೂ ಅಲ್ಲ.

"ಹನ್ನೆರಡು ದಿನಕ್ಕೆ ಸೊಂಟ ಕೂಡ್ತದಾ ಮೇಷ್ಟ್ರೇ? ನೀವು ಒಂದ್ಸಲ ಹೆತ್ತು ನೋಡಿ, ಆಮೇಲೆ ಲೆಕ್ಕ ಹೇಳಿ."

"ನೀನು ಸುಮ್ನಿರು ಬೋರಿ."

"ಆ ಹಸೀನಾ ಹುಡುಗಿ ಮುಂದಿನ ತಿಂಗಳು ಹೆರ್ತಾಳೆ. ಅವಳ ಗಂಡನ ಕೆಲಸ ಹೋಗಿ ಎರಡು ತಿಂಗಳಾಯ್ತು. ಹನ್ನೆರಡನೇ ದಿನ ಎಳೆಮಗು ಕಟ್ಕೊಂಡು ನೀರು ಹೊರೋಕೆ ಹೋಗ್ಬೇಕಾ ಅವಳು? ನೀವೇ ಹೇಳಿ ಕಳಿಸಿ, ನಾನು ಹೇಳಲ್ಲ."

ದಾಕ್ಷಾಯಣಮ್ಮ ಮೇಷ್ಟ್ರ ಕಡೆ ತಿರುಗಿದರು. "ಹೊನ್ನಪ್ಪಶೆಟ್ಟರ ಹತ್ತಿರ ಯಾರದು ಉಳಿದಿದೆ?" ಎಂದರು. ಊರಿನ ಅತಿ ದೊಡ್ಡ ಕಾರ್ಖಾನೆ ಶೆಟ್ಟರದು. ಪ್ರತಿ ವರ್ಷ ಯುಗಾದಿಗೆ ದಾಕ್ಷಾಯಣಮ್ಮ ಕೇಳಿ ಅರ್ಧ ವರ್ಷದ ಖರ್ಚು ತರುತ್ತಿದ್ದರು, ಆಷಾಢದಲ್ಲಿ ಮೇಷ್ಟ್ರು ಕೇಳಿ ಇನ್ನರ್ಧ ತರುತ್ತಿದ್ದರು. ಮೇಷ್ಟ್ರು ನೆಲ ನೋಡಿದರು. ಅಳಿಯನನ್ನು ಕೆಲಸದಿಂದ ತೆಗೆಯಬೇಡಿ ಎಂದು ಕೇಳಲು ಅವರು ತಮ್ಮದನ್ನು ಖರ್ಚು ಮಾಡಿಬಿಟ್ಟಿದ್ದರು. ಸಮಿತಿಯ ಉಳಿದವರದೂ ಮಗ, ತಮ್ಮ, ಮೈದುನ ಎಂದು ಹಾಗೆಯೇ ಹೋಗಿತ್ತು. ಶೆಟ್ಟರೊಡನೆ ಒಮ್ಮೆಯೂ ಮಾತಾಡದಿದ್ದವಳು ನಾನೊಬ್ಬಳೇ.

"ಮಂದಾಕಿನಿ ಹೋಗಲಿ" ಎಂದರು ದಾಕ್ಷಾಯಣಮ್ಮ. "ಮಾತು ತೂಕ ಮಾಡಿ ಆಡ್ತಾಳೆ."

ನಾನು ತೂಕ ಮಾಡಿ ಆಡುವುದು ಜಾಣತನದಿಂದಲ್ಲ, ಹೆದರಿಕೆಯಿಂದ. ಅದನ್ನು ಅವರಿಗೆ ಹೇಳಲಿಲ್ಲ. ಹತ್ತು ದಿನ ಅಭ್ಯಾಸ ಮಾಡಿದೆ. ಏನು ಕೇಳಬೇಕು, ಎಷ್ಟು ಕೇಳಬೇಕು ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಬರೆದುಕೊಂಡೆ. ಎರಡು ವಾಕ್ಯವಾದರೆ ಎರಡನೆಯದು ಹೊರಡದೇ ಹೋದೀತೆಂಬ ಭಯ. ಬೋರಕ್ಕ ಹಂಡೆಗೆ ಉರಿ ಹಾಕುತ್ತ ಶೆಟ್ಟರ ಪಾತ್ರ ಮಾಡುತ್ತಿದ್ದಳು. "ಏನ್ ಬಂದ್ಯೇ ಹುಡುಗಿ?" ಎಂದು ಮೀಸೆ ತಿರುವುತ್ತಿದ್ದಳು. ನಾನು ವಾಕ್ಯ ಒಪ್ಪಿಸುತ್ತಿದ್ದೆ.

ಶೆಟ್ಟರ ನಡುಮನೆ ದೊಡ್ಡದು. ಆಳುಗಳು ಕಾಣಲಿಲ್ಲ. ಶೆಟ್ಟರೇ ನೀರು ತಂದಿಟ್ಟರು, ಸೆಕೆಯೆಂದು ಫ್ಯಾನು ಹಾಕಿದರು, ಎದುರಿಗೆ ಕೂತು ನನ್ನ ಬಾಯಿಯನ್ನೇ ನೋಡತೊಡಗಿದರು. ನಾನು ಮಡಿಲಲ್ಲಿದ್ದ ಕಾಗದಗಳನ್ನು ಬಿಚ್ಚಿದೆ. ಫ್ಯಾನಿನ ಗಾಳಿಗೆ ಅವು ಒಮ್ಮೆಲೇ ಎದ್ದವು. ಒಂದು ಶೆಟ್ಟರ ತೊಡೆಯ ಮೇಲೆ, ಒಂದು ಅವರ ತೀರಿಹೋದ ಹೆಂಡತಿಯ ಫೋಟೋದ ಮೇಲೆ, ಉಳಿದವು ಅಂಗಳದ ಕಡೆಗೆ ಹಾರಿದವು. ಎರಡು ಕೈಯಲ್ಲೂ ಕಾಗದ ಒತ್ತಿ ಹಿಡಿದು ನಾನು ಕೂಗಿದೆ: "ಸ್ವಲ್ಪ ಆ ಫ್ಯಾನ್ ನಿಲ್ಲಿಸ್ತೀರಾ!"

ಶೆಟ್ಟರು ಎದ್ದು ಫ್ಯಾನು ನಿಲ್ಲಿಸಿದರು.

ರೆಕ್ಕೆಗಳು ನಿಧಾನವಾಗಿ ನಿಲ್ಲುವವರೆಗೂ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ವಾಕ್ಯ ಹೇಳಲು ಬಾಯಿ ತೆರೆದೆ. ಬಾಯಿ ತೆರೆದೇ ಇತ್ತು. ಶೆಟ್ಟರು ನನ್ನನ್ನು ನೋಡಿದರು, ಫ್ಯಾನು ನೋಡಿದರು. "ಗಾಳಿ ಕಡಿಮೆ ಆಯ್ತೇನಮ್ಮಾ?" ಎಂದರು. ಅವರ ಮುಖದಲ್ಲಿ ಏನೋ ಸಡಿಲವಾದದ್ದನ್ನು ನಾನು ಕಣ್ಣಾರೆ ಕಂಡೆ. ಬಿಗಿದ ಹಗ್ಗವನ್ನು ಯಾರೋ ಕೈಬಿಟ್ಟ ಹಾಗೆ ಅವರು ಕುರ್ಚಿಗೆ ಒರಗಿದರು.

"ನಿನಗೆ ಗೊತ್ತಾ ತಾಯಿ, ಎರಡು ತಿಂಗಳಿಂದ ಈ ಕುರ್ಚೀಲಿ ಕೂತವರೆಲ್ಲ ಏನೋ ಒಂದು ಕೇಳೋಕೇ ಬಂದವರು. ಯಾರ ಜೊತೆಗೂ ಬರೀ ಮಾತಾಡಿಲ್ಲ ನಾನು."

ಆಮೇಲೆ ಅವರು ಮೂರು ಗಂಟೆ ಮಾತಾಡಿದರು. ಗೋದಾಮಿನಲ್ಲಿ ಮಾರಾಟವಾಗದೆ ಬಿದ್ದ ಬಾಚಣಿಗೆಗಳಿಗೆ ಹುಳ ಹತ್ತಿದ್ದು, ಬೆಳಿಗ್ಗೆ ಐದಕ್ಕೆ ಎದ್ದು ಅಭ್ಯಾಸಬಲದಿಂದ ಕಾರ್ಖಾನೆಯ ಗೇಟಿನವರೆಗೆ ಹೋಗಿ ಹಿಂತಿರುಗುವುದು, ಹಳೆಯ ಕೆಲಸಗಾರರು ಎದುರಾದರೆ ಗಲ್ಲಿಗೆ ತಿರುಗಿಕೊಳ್ಳುವುದು. ನಾನು ಹೂಂ ಎನ್ನುತ್ತಿದ್ದೆ. ಹೊರಡುವಾಗ ಅಂಗಳದಲ್ಲಿ ಬಿದ್ದಿದ್ದ ಕಾಗದವನ್ನು ಅವರೇ ಎತ್ತಿಕೊಟ್ಟರು. ಅದರಲ್ಲಿ ನನ್ನ ವಾಕ್ಯವಿತ್ತು. ಓದಿರಬಹುದು, ಓದದೆಯೂ ಇರಬಹುದು.

ತವರುಮನೆಗೆ ಹಿಂತಿರುಗುವ ದಾರಿಯಲ್ಲಿ ಎರಡು ಸಲ ನಿಂತೆ. ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿಬಿಡುವುದು ಮರ್ಯಾದೆ ಎನಿಸಿತು. ದಾಕ್ಷಾಯಣಮ್ಮ ಮಂಚದ ಕೆಳಗಿನ ಕೆಂಡಕ್ಕೆ ಸಾಂಬ್ರಾಣಿ ಹಾಕುತ್ತಿದ್ದರು. ನಿಂತೇ ಎಲ್ಲವನ್ನೂ ಹೇಳಿದೆ. ಬೋರಕ್ಕ ಹಣೆ ಚಚ್ಚಿಕೊಂಡಳು. "ಬಿ.ಎ. ಓದಿ ಫ್ಯಾನ್ ನಿಲ್ಲಿಸ್ಕೊಂಡು ಬಂದ್ಯಲ್ಲೇ ನಮ್ಮವ್ವ!"

ದಾಕ್ಷಾಯಣಮ್ಮ ಬೈಯಲಿಲ್ಲ. "ಎಷ್ಟು ಹೊತ್ತು ಕೂತಿದ್ದೆ?" ಎಂದರು.

"ಮೂರು ಗಂಟೆ."

"ಶೆಟ್ಟರು ಮೂರು ಗಂಟೆ ಮಾತಾಡಿದ್ರಾ?"

"ಹೌದಮ್ಮ. ನಾನು ಕೇಳೋಕಾಗಲ್ಲ ಅಂತ ಗೊತ್ತಾದ ಮೇಲೆ."

ಅವರು ಸಾಂಬ್ರಾಣಿಯ ಡಬ್ಬಿ ಮುಚ್ಚಿ ಗೂಡಿನಲ್ಲಿಟ್ಟರು. "ಮಂದಾ, ಯಾರ್ಯಾರು ಏನೇನು ಕೊಟ್ಟಿದ್ದಾರೆ ಅಂತ ಇಷ್ಟು ವರ್ಷ ನಮ್ಮಲ್ಲಿ ಬರೆದಿಟ್ಟಿರೋ ಪುಸ್ತಕ ತಗೊಂಡು ನಾಳೆ ಬೆಳಿಗ್ಗೆ ಬಾ. ಅದು ಯಾರಿಗೆ ಉಪಯೋಗಕ್ಕೆ ಬಂತು ಅನ್ನೋದೂ ಇರಬೇಕು" ಎಂದರು.

ಮರುದಿನ ನಾವು ಮೊದಲು ಹೋದದ್ದು ಹಲ್ಲು ಕೊಯ್ಯುವವರ ಕೇರಿಗೆ. ಮೊದಲ ಮನೆಯ ಕಿಟಕಿಯಲ್ಲಿ ಮುಖವೊಂದು ಕಂಡು ಮರೆಯಾಯಿತು. ಆ ಮನೆಯಲ್ಲಿ ದಾಕ್ಷಾಯಣಮ್ಮನವರ ಬೇಡಿಕೆ ಖರ್ಚಾಗದೆ ಇತ್ತು. ಅವರು ಬೀದಿಯಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳುವಷ್ಟು ಗಟ್ಟಿಯಾಗಿ, "ಪದ್ಮಾವತಿ, ಎಲೆಗೆ ಒಂದು ಚಿಟಿಕೆ ಸುಣ್ಣ ಕೊಡಮ್ಮ" ಎಂದರು.

ಸುಣ್ಣ! ಛತ್ರಿ ಕೇಳದೆ, ಬಾಯಾರಿದಾಗ ನೀರು ಕೇಳದೆ ಉಳಿಸಿಕೊಂಡಿದ್ದನ್ನು ಒಂದು ಚಿಟಿಕೆ ಸುಣ್ಣಕ್ಕೆ ಬಿಸಾಡಿದ್ದರು. ಆಮೇಲೆ ಅಗುಳಿ ಸರಿಯಿತು. ಪದ್ಮಾವತಿ ಬೆರಳ ತುದಿಯಲ್ಲಿ ಸುಣ್ಣ ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. ಕಣ್ಣು ಅಗಲವಾಗಿದ್ದವು.

"ಅಷ್ಟೇನಾ?"

"ಅಷ್ಟೇ. ಇನ್ನು ನಾನು ಬಂದು ಕೂತರೂ ನಿನಗೆ ಭಯವಿಲ್ಲ."

ಕೂತೆವು. ದಾಕ್ಷಾಯಣಮ್ಮ ಮನೆಯ ಕ್ಷೇಮ ವಿಚಾರಿಸಿದರು. ಗಂಡನಿಗೆ ಕೆಲಸವಿಲ್ಲ, ಅತ್ತೆಗೆ ಮಂಡಿನೋವು, ಮಗಳು ಮೈನೆರೆದಿದ್ದಾಳೆ ಆರತಿ ಮಾಡಿಸಲಾಗಲಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ, "ಓದಮ್ಮ" ಎಂದರು. ನಾನು ಓದಿದೆ. ಪದ್ಮಾವತಿ ನಾಲ್ಕು ವರ್ಷದ ಹಿಂದೆ ಎರಡು ಹಳೆಯ ವಾಯಿಲ್ ಸೀರೆ ಕೊಟ್ಟಿದ್ದಳು. ಅವನ್ನು ಹರಿದು ಮಾಡಿದ ಹದಿನಾಲ್ಕು ಬಟ್ಟೆಗಳಲ್ಲಿ ಇದುವರೆಗೆ ಮೂವತ್ತೊಂದು ಮಕ್ಕಳನ್ನು ಸುತ್ತಿದ್ದೆವು. ಅದರಲ್ಲಿ ಒಂದು ಜೋಡಿ ಅವಳಿ. ಒಂದಕ್ಕೆ ಅವಳದೇ ಹೆಸರಿಟ್ಟಿದ್ದಾರೆ, ಅದು ಕಾಕತಾಳೀಯ, ಆದರೂ ಓದಿದೆ.

ಪದ್ಮಾವತಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ಹಸಿರು ಸೀರೆನಾ? ಅದಿನ್ನೂ ಇದೆಯಾ?"

"ಬಣ್ಣ ಹೋಗಿದೆ. ಬಟ್ಟೆ ಗಟ್ಟಿ ಇದೆ" ಎಂದರು ದಾಕ್ಷಾಯಣಮ್ಮ.

ಹೊರಬಂದ ಮೇಲೆ ನಾನು ತಡೆಯಲಾರದೆ, "ಇಪ್ಪತ್ತೆರಡು ವರ್ಷದಲ್ಲಿ ನಾವು ಇದನ್ನು ಇವರಿಗೆ ಒಂದು ಸಲವೂ ಹೇಳಿಲ್ಲವಾ?" ಎಂದೆ.

"ಹೇಳಿಲ್ಲ" ಎಂದರು ಅವರು. "ಕೇಳೋಕೆ ಹೋಗ್ತಿದ್ವಿ, ತರ್ತಿದ್ವಿ. ಮತ್ತೆ ಕೇಳೋ ಹಾಗಾಗೋವರೆಗೆ ಆ ಬೀದಿ ಕಡೆ ತಲೆ ಹಾಕ್ತಿರಲಿಲ್ಲ. ನಾಚಿಕೆ ಆಗುತ್ತೆ."

ಅಂದು ಒಂಬತ್ತು ಮನೆ. ಒಂದು ವಾರದಲ್ಲಿ ಅರವತ್ತು ಮನೆ. ಎಲ್ಲ ಕಡೆ ಒಂದು ಚಿಟಿಕೆ ಸುಣ್ಣ. ನನ್ನ ಹತ್ತಿರವೂ ಉಳಿದಿದ್ದವು, ಅವನ್ನೂ ಹಾಗೆಯೇ ಮುಗಿಸಿದೆ. ವಿಷಯ ಮೇಷ್ಟ್ರಿಗೆ ಮುಟ್ಟಿತು. ಅವರು ಬೀದಿಯಲ್ಲಿ ನಮ್ಮನ್ನು ತಡೆದರು. "ದಾಕ್ಷಾಯಣಮ್ಮ, ನಿಮಗೇನು ಬುದ್ಧಿ ಕೆಟ್ಟಿದೆಯಾ? ಅದು ಸಂಸ್ಥೆಯ ಆಸ್ತಿ. ಕೇಳೋಕೆ ಒಂದು ಬಾಯಿ ಕೂಡ ಉಳಿಯಲ್ಲ ನಮಗೆ."

"ತೆರೆಯದ ಬಾಗಿಲ ಮುಂದೆ ಅದನ್ನ ಇಟ್ಕೊಂಡು ಏನು ಮಾಡಲಿ ಮೇಷ್ಟ್ರೇ?"

"ಇದು ಬೇಡದೆ ಗಿಟ್ಟಿಸೋರ ಉಪಾಯ ಅಂತ ಜನ ಅಂದರೆ?"

ಆ ಮಾತು ದಾಕ್ಷಾಯಣಮ್ಮನವರಿಗೆ ತಾಗಿದ್ದು ನನಗೆ ಕಾಣಿಸಿತು. "ಅದಕ್ಕೇ ಎಣ್ಣೆ ಮುಗಿದಿದೆ, ಸೌದೆ ಇಲ್ಲ ಅಂತ ನಾನು ಎಲ್ಲೂ ಬಾಯಿ ಬಿಡ್ತಿಲ್ಲ. ಅವರು ಕೊಟ್ಟಿದ್ದು ಏನಾಯ್ತು ಅಂತ ಮಾತ್ರ ಹೇಳ್ತೀನಿ. ಈಗ ಎಷ್ಟಿದೆ ಅಂತ ಯಾರಾದರೂ ಅವರಾಗೇ ವಿಚಾರಿಸಿದರೆ ಸುಳ್ಳು ಹೇಳಲ್ಲ" ಎಂದರು.

ಎಲ್ಲವೂ ಸರಾಗವಾಗಿ ನಡೆಯಿತೆಂದು ಹೇಳಲಾರೆ. ಅಕ್ಕಸಾಲಿಗರ ಬೀದಿಯಲ್ಲಿ ಒಬ್ಬ ವಿಧವೆ ಸುಣ್ಣದ ಮಾತು ಕೇಳಿ ಕೆಂಡವಾದಳು. ಕೇಳಿದರೆ ಕೊಡೋಣವೆಂದು ಒಂದು ಬಳೆ ತೆಗೆದಿಟ್ಟಿದ್ದಳಂತೆ. "ನನ್ನನ್ನ ಸುಣ್ಣಕ್ಕೆ ಸಮ ಮಾಡಿದ್ರಾ?" ಎಂದು ಬಾಗಿಲು ಹಾಕಿಕೊಂಡಳು. ಆ ಬಳೆ ನಮಗೆ ಮತ್ತೆ ಬರಲಿಲ್ಲ. ಆ ರಾತ್ರಿ ದಾಕ್ಷಾಯಣಮ್ಮ ಊಟ ಮಾಡಲಿಲ್ಲವೆಂದು ಬೋರಕ್ಕ ಹೇಳಿದಳು. ಬೆಳಿಗ್ಗೆ ಮಾತ್ರ ಏಳಕ್ಕೆ ಸರಿಯಾಗಿ ಚಪ್ಪಲಿ ಮೆಟ್ಟಿ ನಿಂತಿದ್ದರು.

ಇಪ್ಪತ್ತಮೂರು ದಿನ ತವರುಮನೆಗೆ ಏನೂ ಬರಲಿಲ್ಲ. ನಾನು ದಿನಕ್ಕೆ ಎರಡು ಸಲ ಎಣ್ಣೆಯ ಡಬ್ಬದಲ್ಲಿ ಕಡ್ಡಿ ಅದ್ದಿ ನೋಡುತ್ತಿದ್ದೆ. ಹಸೀನಾ ಹೆತ್ತಳು, ಗಂಡುಮಗು, ಬಹಳ ಸಣ್ಣದು. ಅವಳ ಆರನೆಯ ದಿನ ಬೋರಕ್ಕ ಕೊನೆಯ ಹೊರೆ ಸೌದೆ ಬಿಚ್ಚಿದಳು. ಹನ್ನೆರಡು ದಿನದ ಮಾತು ಹಸೀನಾಳ ಕಿವಿಗೂ ಬಿದ್ದಿತ್ತು. ಮಗುವಿಗೆ ಹಾಲೂಡಿಸುತ್ತ, "ಅಕ್ಕಾ, ಇವತ್ತಿಗೆ ಎಷ್ಟನೇ ದಿನ?" ಎಂದು ನನ್ನನ್ನು ಕೇಳಿದಳು. ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಬೆರಳೆಣಿಸುವ ನಾಟಕ ಮಾಡಿದೆವು.

ಮೊದಲು ಬಂದವನು ಪದ್ಮಾವತಿಯ ಗಂಡ. ಮುಚ್ಚಿದ ಕಾರ್ಖಾನೆಯ ಹಿಂದೆ ಕೊಳೆಯುತ್ತಿದ್ದ ಮರದ ತುಂಡುಗಳನ್ನು ಕಾವಲುಗಾರನಿಗೆ ಹೇಳಿ ನಾಲ್ಕು ಚೀಲ ತುಂಬಿಸಿಕೊಂಡು ಬಂದಿದ್ದ. "ಬೇಗ ಉರಿದು ಹೋಗುತ್ತೆ, ಆದರೆ ಬೇಕಾದಷ್ಟಿದೆ" ಎಂದ. ಯಾರೂ ಕೇಳದೆ ಕೊಡುವುದು ನಮ್ಮವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಮನೆಯೊಳಗೆ ದಿನವೂ ಮಾಡುತ್ತೇವೆ, ನೀರಿಡುತ್ತೇವೆ, ಎಲೆ ನೋಡಿ ಬಡಿಸುತ್ತೇವೆ. ತವರುಮನೆ ಆವರೆಗೆ ಅವರಿಗೆ ಮನೆಯಾಗಿರಲಿಲ್ಲ, ಸಂಸ್ಥೆಯಾಗಿತ್ತು. ಆಮೇಲೆ ದಿನಕ್ಕೊಬ್ಬರಂತೆ ಬಂದರು. ಕಾಸಿದ್ದವರು ಬಹಳ ಕಡಿಮೆ. ಒಬ್ಬಳು ಬೆಳ್ಳುಳ್ಳಿ ತಂದಳು, ಒಬ್ಬ ಸೋರುವ ಹೆಂಚು ಸರಿಮಾಡಿಕೊಟ್ಟ. ಕೆಲಸ ಹೋದ ಹೆಂಗಸರು ಇಬ್ಬರು ಬೋರಕ್ಕನ ಜೊತೆ ನೀರು ಹಾಕಲು ನಿಂತರು. ಅವರ ಕೈ ಒರಟೆಂದು ಬೋರಕ್ಕ ದಿನವಿಡೀ ಗೊಣಗಿದಳು. ಗಾಣದವರು ಒಂದು ಡಬ್ಬ ಹರಳೆಣ್ಣೆ ಜಗಲಿಯ ಮೇಲಿಟ್ಟು ಹೆಸರು ಹೇಳದೆ ಹೋದರು. ನಾನು ಓಡಿಹೋಗಿ ಹೆಸರು ತಿಳಿದುಕೊಂಡು ಬಂದು ಬರೆದೆ.

ಮಂಚಗಳನ್ನು ಹನ್ನೊಂದರಿಂದ ಒಂಬತ್ತಕ್ಕೆ ಇಳಿಸಬೇಕಾಯಿತು. ತುಪ್ಪ ದಿನ ಬಿಟ್ಟು ದಿನ. ಆದರೆ ಹಸೀನಾ ನಲವತ್ತನೆಯ ದಿನ ತಲೆಗೆ ನೀರು ಹಾಕಿಸಿಕೊಂಡು, ಮಗುವಿಗೆ ಕಾಡಿಗೆಯ ಬೊಟ್ಟಿಟ್ಟು ಗಂಡನ ಜೊತೆ ಹೊರಟಳು. ಮೇಷ್ಟ್ರು ಹನ್ನೆರಡು ದಿನದ ಮಾತನ್ನು ಮತ್ತೆ ಎತ್ತಲಿಲ್ಲ. ಪ್ರತಿ ಸಂಜೆ ಬಂದು ಚೀಲದ ಮರದ ತುಂಡುಗಳನ್ನು ದೊಡ್ಡದು ಚಿಕ್ಕದು ಎಂದು ಬೇರೆ ಮಾಡಿಟ್ಟು ಹೋಗುತ್ತಿದ್ದರು.

ಹಸೀನಾ ಹೊರಟ ವಾರವೇ ಒಂದು ಬೆಳಿಗ್ಗೆ ತವರುಮನೆಯ ಮುಂದೆ ಜಟಕಾ ನಿಂತಿತು. ಹೊನ್ನಪ್ಪಶೆಟ್ಟರು ಇಳಿದರು. ಕಾರ್ಖಾನೆಯ ಜೊತೆಗೆ ದೊಡ್ಡ ಮನೆಯನ್ನೂ ಮಾರಿ ಅವರು ಎರಡು ಕೋಣೆಯ ಬಾಡಿಗೆ ಮನೆಗೆ ಹೋಗಿದ್ದು ಊರಿಗೆಲ್ಲ ತಿಳಿದಿತ್ತು. ಅವರ ಹಿಂದೆ ತುಂಬುಬಸುರಿ ಮಗಳು ಇಳಿದಳು. ಗಂಡನ ಮನೆಯವರು ಪದ್ಧತಿಯಂತೆ ಚೊಚ್ಚಲ ಹೆರಿಗೆಗೆ ತೌರಿಗೆ ಕಳಿಸಿದ್ದರು. ತೌರಿನಲ್ಲಿ ತಾಯಿ ಇರಲಿಲ್ಲ, ನೀರು ಕಾಯಿಸಿ ಹಾಕುವ ಕೈಯೂ ಇರಲಿಲ್ಲ.

ಶೆಟ್ಟರು ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟರು. ಈ ಮನೆಗೆ ಅವರು ಹಿಂದೆ ಬಂದದ್ದು ಹಾರ ಹಾಕಿಸಿಕೊಳ್ಳಲು. ಶಲ್ಯವನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು, ಗಂಟಲು ಸರಿಮಾಡಿಕೊಂಡರು. ಅವರೂ ಒಂದೇ ವಾಕ್ಯವನ್ನು ಅಭ್ಯಾಸ ಮಾಡಿಕೊಂಡು ಬಂದಿದ್ದಾರೆಂದು ನನಗೆ ಗೊತ್ತಾಯಿತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ದಾಕ್ಷಾಯಣಮ್ಮ, ನನ್ನ ಮಗಳನ್ನ..."

"ಬಿಸಿಲಲ್ಲಿ ನಿಂತಿದ್ದೀಯಲ್ಲ ಮಗಳೇ, ಒಳಗೆ ಬಾ" ಎಂದು ದಾಕ್ಷಾಯಣಮ್ಮ ಅಷ್ಟರಲ್ಲೇ ಮೆಟ್ಟಿಲಿಳಿದು ಹುಡುಗಿಯ ತೋಳು ಹಿಡಿದಿದ್ದರು. "ಕಾಲು ಊದಿದೆಯಲ್ಲ. ಎಷ್ಟು ದಿನ ಅಂದಿದ್ದಾರೆ?"

"ಹದಿನೈದು" ಎಂದಳು ಅವಳು.

"ಬೋರಕ್ಕ, ಕಿಟಕಿ ಪಕ್ಕದ ಮಂಚ."

"ಆಗ್ಲೇ ಹಾಸಾಯ್ತು" ಎಂದು ಒಳಗಿನಿಂದ ಬೋರಕ್ಕ ಕೂಗಿದಳು. ಹಾಸಿರಲಿಲ್ಲ, ಓಡುವ ಸದ್ದು ನನಗೆ ಕೇಳಿಸಿತು.

ಶೆಟ್ಟರು ಅಲ್ಲಿಯೇ ನಿಂತಿದ್ದರು. "ನಾನಿನ್ನೂ ಕೇಳೇ ಇಲ್ಲ ದಾಕ್ಷಾಯಣಮ್ಮ" ಎಂದರು.

ದಾಕ್ಷಾಯಣಮ್ಮ ಹೊಸ್ತಿಲ ಮೇಲಿಂದ ತಿರುಗಿ ನೋಡಿದರು. "ಕೇಳಬೇಡಿ ಶೆಟ್ಟರೇ. ಅದು ನಿಮ್ಮ ಹತ್ತಿರವೇ ಇರಲಿ. ಯುಗಾದಿಗೆ ಇನ್ನೂ ಐದು ತಿಂಗಳಿದೆ, ಕಾಲ ಚೆನ್ನಾಗಿಲ್ಲ."

ಹುಡುಗಿ ಒಳಗೆ ಹೋದಳು. ಹೊರಗೆ ಶೆಟ್ಟರ ಬಾಯಿ ಆ ವಾಕ್ಯಕ್ಕೆಂದು ತೆರೆದದ್ದು ಇನ್ನೂ ತೆರೆದೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅವರು ಅದನ್ನು ಮೆಲ್ಲಗೆ ಮುಚ್ಚಿಕೊಂಡರು.